ಜಾಮೂನಿಗೆ ಅರ್ಧ ಗಂಟೆ ಶಿಕ್ಷೆ

ಹಬ್ಬ ಹತ್ತಿರ ಬಂತೆಂದರೆ ಪತ್ರಿಕೆಗಳ ಆರೋಗ್ಯ ಪುರವಣಿಯಲ್ಲಿ ಒಂದು ಬಾಕ್ಸ್ ತಪ್ಪದೆ ಹಾಜರಾಗುತ್ತದೆ. ಒಂದು ಜಾಮೂನು ತಿಂದಿರಾ? ಅರ್ಧ ಗಂಟೆ ಬಿರುಸಿನ ನಡಿಗೆ. ಹೋಳಿಗೆಗೆ ತುಪ್ಪ ಹಾಕಿಸಿಕೊಂಡಿರಾ? ಮುಕ್ಕಾಲು ಗಂಟೆ ಸೈಕಲ್. ಚಕ್ಕುಲಿ, ಕೋಡುಬಳೆ, ಮೈಸೂರು ಪಾಕು, ಎಲ್ಲದಕ್ಕೂ ಒಂದೊಂದು ಕಲಂ. ಎಡಗಡೆ ಅಪರಾಧ, ಬಲಗಡೆ ಶಿಕ್ಷೆ. ಜಿಮ್ಮಿನ ಕೋಚ್ ಹೇಳುವುದೂ ಇದನ್ನೇ, ಮೊಬೈಲಿನಲ್ಲಿ ಬರುವ ರೀಲ್ಸ್ ಹೇಳುವುದೂ ಇದನ್ನೇ. ಎಷ್ಟೋ ಸಲ ಮನೆಯ ಡಾಕ್ಟರು ಕೂಡ ಚೀಟಿ ಬರೆಯುತ್ತ ತಲೆಯೆತ್ತದೆ ಇದನ್ನೇ ಹೇಳುತ್ತಾರೆ: "ದಿನಾ ಐನೂರು ಕ್ಯಾಲೊರಿ ಸುಟ್ಟುಬಿಡಿ, ವಾರಕ್ಕೆ ಅರ್ಧ ಕೆಜಿ ತಾನಾಗೇ ಇಳಿಯುತ್ತೆ."

ಈ ಮಾತು ನಮಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಇದನ್ನು ಪ್ರಶ್ನಿಸಿದವನು ಸೋಮಾರಿಯೇ ಇರಬೇಕೆಂದು ಜನ ಅವನ ಹೊಟ್ಟೆಯ ಕಡೆ ನೋಡುತ್ತಾರೆ. ನೋಡಲಿ. ವ್ಯಾಯಾಮದ ಮೇಲೆ ನನಗೆ ಯಾವ ಜಗಳವೂ ಇಲ್ಲ. ನನ್ನ ಜಗಳವೆಲ್ಲ ವ್ಯಾಯಾಮವನ್ನು ತಿಂದದ್ದಕ್ಕೆ ಕಟ್ಟುವ ದಂಡವಾಗಿ ಇಳಿಸಿದವರ ಮೇಲೆ. ಅವರ ಲೆಕ್ಕ ತಪ್ಪು. ತಪ್ಪು ಲೆಕ್ಕದಿಂದ ಕೆಲವರಿಗೆ ಲಾಭವಿದೆ, ನಷ್ಟವಾಗುತ್ತಿರುವುದು ಮಾತ್ರ ನಂಬಿ ನಡೆದವರಿಗೆ.

ಮೊದಲು ಲೆಕ್ಕವನ್ನೇ ನೋಡೋಣ. 70 ಕೆಜಿ ತೂಕದ ಒಬ್ಬರು ಸಮತಟ್ಟಾದ ಟ್ರೆಡ್‌ಮಿಲ್ಲಿನ ಮೇಲೆ ಒಂದು ಗಂಟೆಯಲ್ಲಿ ಐದು ಕಿಲೋಮೀಟರ್ ನಡೆದರೆಂದುಕೊಳ್ಳಿ. ಅದರ ಪರದೆ ಸುಮಾರು 245 ಕ್ಯಾಲೊರಿ ತೋರಿಸುತ್ತದೆ. ಅದರಲ್ಲಿ ಸುಮಾರು 70 ಕ್ಯಾಲೊರಿ, ಅವರು ಆ ಗಂಟೆ ಸೋಫಾದ ಮೇಲೆ ಬಿದ್ದುಕೊಂಡು ಧಾರಾವಾಹಿ ನೋಡಿದ್ದರೂ ಖರ್ಚಾಗುತ್ತಿದ್ದದ್ದು. ಉಸಿರಾಟ, ಹೃದಯದ ಬಡಿತ, ಮೆದುಳಿನ ಕೆಲಸ ಯಾವುದೂ ಬಿಟ್ಟಿಯಾಗಿ ನಡೆಯುವುದಿಲ್ಲವಲ್ಲ. ಯಂತ್ರ ಅದನ್ನೂ ನಿಮ್ಮ ಬೆವರಿನ ಖಾತೆಗೇ ಬರೆದು ಬೆನ್ನು ತಟ್ಟುತ್ತದೆ. ನಡಿಗೆಯಿಂದ ಹೆಚ್ಚುವರಿಯಾಗಿ ಖರ್ಚಾದದ್ದು 175ರ ಆಸುಪಾಸು. ಈಗ ದಾವಣಗೆರೆ ಬೆಣ್ಣೆ ದೋಸೆಯ ನೆತ್ತಿಯ ಮೇಲೆ ಕೂರಿಸುವ ಬೆಣ್ಣೆಯುಂಡೆಯನ್ನು ನೋಡಿ. ಅದು 25 ಗ್ರಾಂ ಇದ್ದರೆ 180 ಕ್ಯಾಲೊರಿ. ಕಾವಲಿಯ ಮೇಲೆ ದೋಸೆ ಬೇಯುವಾಗ ಸುರಿದ ಬೆಣ್ಣೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಪಲ್ಯ ಬಂದಿಲ್ಲ, ದೋಸೆಯೇ ಬಂದಿಲ್ಲ. ಬಿಸಿ ದೋಸೆಯ ಮೇಲೆ ಆ ಉಂಡೆ ಕರಗಲು ಎರಡು ನಿಮಿಷ ಸಾಕು. ಸರಿದೂಗಿಸಲು ಒಂದು ಗಂಟೆ ಕಾಲೆಳೆಯಬೇಕು. ದಿನಕ್ಕೆ 500 ಕ್ಯಾಲೊರಿಯ ಕೊರತೆಯನ್ನು ನಡಿಗೆಯಿಂದಲೇ ಹುಟ್ಟಿಸಬೇಕೆಂದರೆ ಸುಮಾರು ಮೂರು ಗಂಟೆ ನಡೆಯಬೇಕು. ಆಫೀಸು, ಟ್ರಾಫಿಕ್ಕು, ಅಡುಗೆ, ಮಕ್ಕಳ ಹೋಮ್‌ವರ್ಕು ಮುಗಿಸಿದವರಿಗೆ ಈ ಮೂರು ಗಂಟೆಯನ್ನು ಯಾರು ಕೊಡುತ್ತಾರೆ, ಪುರವಣಿಯ ಸಂಪಾದಕರೇ?

ಇನ್ನು "ದಿನಾ 500, ವಾರಕ್ಕೆ ಅರ್ಧ ಕೆಜಿ" ಎಂಬ ಮಂತ್ರ. ಇದರ ಬೇರು 1958ರಲ್ಲಿ ಮ್ಯಾಕ್ಸ್ ವಿಶ್ನೋಫ್‌ಸ್ಕಿ ಎಂಬ ಅಮೆರಿಕದ ವೈದ್ಯ ಹಾಕಿದ ಒಂದು ಅಂದಾಜಿನಲ್ಲಿದೆ: ಒಂದು ಪೌಂಡ್ ದೇಹತೂಕಕ್ಕೆ 3500 ಕ್ಯಾಲೊರಿ. ಏಳು ದಿನಗಳಿಗೆ ಭಾಗಿಸಿದರೆ ದಿನಕ್ಕೆ 500. ಎಷ್ಟು ಅಚ್ಚುಕಟ್ಟು! ಇದೇ ಅಚ್ಚುಕಟ್ಟನ್ನು ಹಿಡಿದು ಮುಂದೆ ಹೋದರೆ ವಾರಕ್ಕೆ 450 ಗ್ರಾಂ, ವರ್ಷಕ್ಕೆ 23 ಕೆಜಿಗೂ ಹೆಚ್ಚು. ನಮ್ಮ 70 ಕೆಜಿಯ ಮನುಷ್ಯ ಮೂರು ವರ್ಷ ವ್ರತ ತಪ್ಪದಿದ್ದರೆ ತಕ್ಕಡಿಯ ಮೇಲೆ ಆತನ ಚಪ್ಪಲಿ ಬಿಟ್ಟರೆ ಏನೂ ಉಳಿಯಬಾರದು. ದೇಹ ಹಾಗೆ ನೇರಗೆರೆಯಲ್ಲಿ ಕರಗುವ ವಸ್ತುವಲ್ಲ, ತೂಕ ಇಳಿದಂತೆಲ್ಲ ಅದರ ಖರ್ಚೂ ಇಳಿಯುತ್ತದೆ ಎಂದು ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲೇ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಗಣಿತ ಸಮೇತ ತೋರಿಸಿದರು. ಆಮೇಲೂ ನಮ್ಮ ಜಿಮ್ಮುಗಳ ಗೋಡೆಯ ಮೇಲೆ ಇರುವುದು 1958ರ ಲೆಕ್ಕವೇ.

ಕೈಗಡಿಯಾರವನ್ನು ನಂಬೋಣವೇ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಬಗೆಯ ಫಿಟ್‌ನೆಸ್ ಪಟ್ಟಿಗಳನ್ನು 60 ಜನರಿಗೆ ಕಟ್ಟಿ ಪರೀಕ್ಷಿಸಿದರು. ಹೃದಯ ಬಡಿತವನ್ನು ಹೆಚ್ಚಿನವು ಸರಿಯಾಗಿಯೇ ಎಣಿಸಿದವು. ಕ್ಯಾಲೊರಿಯ ವಿಚಾರಕ್ಕೆ ಬಂದಾಗ ಎಲ್ಲಕ್ಕಿಂತ ಒಳ್ಳೆಯದೆನಿಸಿಕೊಂಡ ಪಟ್ಟಿಯೇ ಸರಾಸರಿ ಶೇ. 27ರಷ್ಟು ತಪ್ಪಿತು, ಕಳಪೆಯದು ಶೇ. 93ರಷ್ಟು. ಕಿರಾಣಿ ಅಂಗಡಿಯ ತಕ್ಕಡಿ ಹೀಗಿದ್ದರೆ ನಾವು ತೂಕ ಮತ್ತು ಅಳತೆ ಇಲಾಖೆಗೆ ದೂರು ಕೊಡುತ್ತಿದ್ದೆವು. ಇಲ್ಲಿ ಮಾತ್ರ ಸಾವಿರಾರು ರೂಪಾಯಿ ಕೊಟ್ಟು ಮಣಿಕಟ್ಟಿಗೆ ಕಟ್ಟಿಕೊಂಡು, ಅದು ಹೇಳಿದಷ್ಟೇ ತಿನ್ನುತ್ತೇವೆ. ಆ 10,000 ಹೆಜ್ಜೆಯ ಗುರಿಯೂ ಯಾವ ಪ್ರಯೋಗಶಾಲೆಯಿಂದ ಬಂದದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಗಡಿಯಾರ ಕಂಪನಿ ತನ್ನ ಹೆಜ್ಜೆ ಎಣಿಸುವ ಯಂತ್ರಕ್ಕೆ ಇಟ್ಟ ಹೆಸರು ಅದು.

ಬೆಳಗ್ಗೆ ಏಳೂವರೆಗೆ ಲಾಲ್‌ಬಾಗಿನ ಗೇಟಿನಿಂದ ಹೊರಬರುವ ಗುಂಪುಗಳನ್ನು ನೋಡಿ. ಮೊದಲ ಕೆಲಸ ಬೆವರು ಒರೆಸಿಕೊಳ್ಳುವುದಲ್ಲ, ಮಣಿಕಟ್ಟು ತಿರುಗಿಸಿ ನೋಡುವುದು. "ಮುನ್ನೂರ ಇಪ್ಪತ್ತಾಗಿದೆ ಸಾರ್ ಇವತ್ತು." "ಹಾಗಿದ್ರೆ ಇನ್ನೇನು ಯೋಚನೆ, ಇಡ್ಲಿ ಜೊತೆ ಒಂದು ವಡೆ ಹೇಳಿ." ದರ್ಶಿನಿಯ ಕಟ್ಟೆಗೆ ಮೊಣಕೈ ಊರಿ ನಿಂತು, ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿ, ಮೇಲೊಂದು ಸ್ಟ್ರಾಂಗ್ ಕಾಫಿ ಕುಡಿದು, ಕೊರತೆ ಹುಟ್ಟಿಸಿದ ತೃಪ್ತಿಯಲ್ಲಿ ಮನೆಗೆ ಹೋಗುತ್ತಾರೆ. ವಡೆಯ ಮೇಲೆ ನನಗೆ ಪ್ರೀತಿಯೇ. ಹಸಿವಾಗಿ ತಿಂದ ವಡೆಗೂ ಗಡಿಯಾರ ಮಂಜೂರು ಮಾಡಿದ ವಡೆಗೂ ವ್ಯತ್ಯಾಸವಿದೆ ಅನ್ನುತ್ತಿದ್ದೇನೆ, ಅಷ್ಟೆ.

ಲೆಕ್ಕ ಸರಿಯಿದ್ದರೂ ದೇಹ ಅದಕ್ಕೆ ಒಪ್ಪುವುದಿಲ್ಲ ಎಂಬುದು ಇದಕ್ಕಿಂತ ದೊಡ್ಡ ಸಂಗತಿ. ಟಾಂಜಾನಿಯಾದ ಹಾಡ್ಜಾ ಜನ ಇಂದಿಗೂ ಬೇಟೆಯಾಡಿ, ಗೆಡ್ಡೆ ಅಗೆದು, ಜೇನು ಕಿತ್ತು ಬದುಕುವವರು. ಗಂಡಸರು ದಿನಕ್ಕೆ ಸರಾಸರಿ 11 ಕಿಲೋಮೀಟರು, ಹೆಂಗಸರು ಆರರ ಹತ್ತಿರ ನಡೆಯುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಸರ್ ಮತ್ತು ಜೊತೆಗಾರರು ಇವರಿಗೆ ವಿಶೇಷ ಐಸೊಟೋಪುಗಳಿರುವ ನೀರು ಕುಡಿಸಿ, ಮೂತ್ರದ ಮಾದರಿಗಳಿಂದ ದಿನದ ಪೂರ್ತಿ ಶಕ್ತಿವ್ಯಯ ಅಳೆದರು. ಇದಕ್ಕಿಂತ ನೆಚ್ಚಬಹುದಾದ ಅಳತೆ ಇನ್ನೊಂದಿಲ್ಲ. 2012ರಲ್ಲಿ ಪ್ರಕಟವಾದ ಫಲಿತಾಂಶ ಏನು ಗೊತ್ತೇ? ದೇಹದ ಗಾತ್ರಕ್ಕೆ ಸರಿಹೊಂದಿಸಿ ನೋಡಿದರೆ, ದಿನವಿಡೀ ಕಾಡು ಸುತ್ತುವ ಹಾಡ್ಜಾ ಜನ ಖರ್ಚು ಮಾಡುತ್ತಿದ್ದದ್ದೂ ಕುರ್ಚಿಯಲ್ಲಿ ಕೂತು ದುಡಿಯುವ ಪಾಶ್ಚಾತ್ಯರು ಖರ್ಚು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಮದುವೆ ಖರ್ಚು ಎದುರಾದರೆ ಯಜಮಾನಿ ಸದ್ದಿಲ್ಲದೆ ಉಳಿದ ಖರ್ಚುಗಳನ್ನು ಹಿಡಿತಕ್ಕೆ ತರುವ ಹಾಗೆ, ದೇಹವೂ ಓಡಾಟಕ್ಕೆ ಕೊಟ್ಟದ್ದನ್ನು ಬೇರೆ ಬಾಬ್ತುಗಳಲ್ಲಿ ಉಳಿಸಿಕೊಳ್ಳುತ್ತದೆ ಎಂಬುದು ಪಾಂಟ್ಸರ್ ಕೊಡುವ ವಿವರಣೆ. ಉಳಿಸಲಾಗದ್ದನ್ನು ಹಸಿವಿನ ರೂಪದಲ್ಲಿ ಕೇಳಿ ಪಡೆಯುತ್ತದೆ.

ಕಾಡಿನವರ ಮಾತು ನಮಗೇಕೆ ಅನ್ನುವವರು 2009ರ ಅಮೆರಿಕದ ಒಂದು ಪ್ರಯೋಗ ನೋಡಬಹುದು. ಮುಟ್ಟು ನಿಂತ, ದಪ್ಪಗಿದ್ದ ನಾನೂರಕ್ಕೂ ಹೆಚ್ಚು ಹೆಂಗಸರು, ಆರು ತಿಂಗಳು. ಒಂದು ಗುಂಪಿಗೆ ವ್ಯಾಯಾಮವಿಲ್ಲ. ಉಳಿದ ಮೂರು ಗುಂಪುಗಳಿಗೆ ವಾರಕ್ಕೆ ಸುಮಾರು 72, 136, 194 ನಿಮಿಷ. ಈ ಮೂರರಲ್ಲಿ ಮೊದಲನೆಯವರು 1.4 ಕೆಜಿ ಇಳಿದರು, ಎರಡನೆಯವರು 2.1. ಎಲ್ಲರಿಗಿಂತ ಹೆಚ್ಚು ಬೆವರು ಸುರಿಸಿದ ಮೂರನೆಯವರು? 1.5. ಲೆಕ್ಕದ ಪ್ರಕಾರ ಇಳಿಯಬೇಕಾದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಭಾನುವಾರ ನಂದಿಬೆಟ್ಟ ಹತ್ತಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನದ ಬಿರಿಯಾನಿ ಎರಡು ಸೌಟು ಜಾಸ್ತಿ, ಆಮೇಲೆ ಸಂಜೆವರೆಗೂ ನಿದ್ದೆ, ಸೋಮವಾರ ಮೊದಲ ಮಹಡಿಗೂ ಲಿಫ್ಟು.

ಇನ್ನೂ ಘೋರವಾದದ್ದು ಬೇಕಿದ್ದರೆ ಅಮೆರಿಕದ 'ದಿ ಬಿಗ್ಗೆಸ್ಟ್ ಲೂಸರ್' ಎಂಬ ತೂಕ ಇಳಿಸುವ ಟೀವಿ ಸ್ಪರ್ಧೆಯ ಕತೆಯಿದೆ. ದಿನಗಟ್ಟಲೆ ವ್ಯಾಯಾಮ, ಕೋಚ್‌ಗಳ ಕಿರುಚಾಟ, ವಾರವಾರ ಸಾರ್ವಜನಿಕವಾಗಿ ತೂಕ. ಆರು ವರ್ಷಗಳ ನಂತರ 14 ಸ್ಪರ್ಧಿಗಳನ್ನು ಮತ್ತೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕಳೆದುಕೊಂಡಿದ್ದ ತೂಕದ ಬಹುಪಾಲು ಮರಳಿತ್ತು. ಸುಮ್ಮನೆ ಕೂತಿದ್ದಾಗ ಅವರ ದೇಹ ಖರ್ಚು ಮಾಡುತ್ತಿದ್ದದ್ದು ಮಾತ್ರ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ. ಆ ಕಾರ್ಯಕ್ರಮದ ಆತ್ಮ ಇವತ್ತು ನಮ್ಮೂರಿನಲ್ಲಿ "ಮದುವೆಗೆ ಮುಂಚೆ 90 ದಿನ" ಎಂಬ ಪ್ಯಾಕೇಜಿನ ಹೆಸರಿನಲ್ಲಿ ಓಡಾಡುತ್ತಿದೆ.

ಇಷ್ಟಾದರೂ ಈ ಲೆಕ್ಕ ಸಾಯುತ್ತಿಲ್ಲವೇಕೆ? ಅದನ್ನು ಬದುಕಿಸಿಟ್ಟುಕೊಳ್ಳುವುದರಲ್ಲಿ ಯಾರ ಹಿತವಿದೆ ಎಂದು ಕೇಳಿದರೆ ಉತ್ತರ ಸಿಗುತ್ತದೆ. 2015ರ ಆಗಸ್ಟಿನಲ್ಲಿ ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 'ಗ್ಲೋಬಲ್ ಎನರ್ಜಿ ಬ್ಯಾಲೆನ್ಸ್ ನೆಟ್‌ವರ್ಕ್' ಎಂಬ ಸಂಸ್ಥೆಯ ಹಿಂದಿನ ಹಣದ ಮೂಲ ಬಯಲು ಮಾಡಿತು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೇ ಮುಂದೆ ನಿಂತ ಸಂಸ್ಥೆ. ಜನ ಏನು ತಿನ್ನುತ್ತಾರೆ, ಎಷ್ಟು ಕುಡಿಯುತ್ತಾರೆ ಎಂದು ಸುಮ್ಮನೆ ತಲೆಕೆಡಿಸಿಕೊಳ್ಳುತ್ತಿದ್ದೇವೆ, ನಿಜವಾದ ಸಮಸ್ಯೆ ಅವರು ಸಾಕಷ್ಟು ವ್ಯಾಯಾಮ ಮಾಡದಿರುವುದು ಎಂಬುದು ಅದರ ಬೋಧನೆ. ಹಣ ಕೊಟ್ಟದ್ದು ಕೋಕಾ ಕೋಲಾ. ಸುದ್ದಿ ಹೊರಬಂದ ಮೇಲೆ ಕೊಲರಾಡೊ ವಿಶ್ವವಿದ್ಯಾಲಯ ಈ ಸಂಸ್ಥೆಗಾಗಿ ಕಂಪನಿಯಿಂದ ಪಡೆದಿದ್ದ ಹತ್ತು ಲಕ್ಷ ಡಾಲರು ವಾಪಸು ಮಾಡಿತು, ಸಂಸ್ಥೆ ಆ ವರ್ಷ ಕಳೆಯುವ ಮೊದಲೇ ಬಾಗಿಲು ಹಾಕಿತು. ಬಾಗಿಲು ಹಾಕಿದ್ದು ಸಂಸ್ಥೆ, ಸಿದ್ಧಾಂತವಲ್ಲ. ಇದೇ ಕಂಪನಿ 1928ರ ಆಮ್‌ಸ್ಟರ್‌ಡ್ಯಾಂ ಕೂಟದಿಂದ ಒಲಿಂಪಿಕ್ಸ್ ಜೊತೆಗಿದೆ. ನಮ್ಮ ಐಪಿಎಲ್ 2013ರಿಂದ 2015ರವರೆಗೆ ಇನ್ನೊಂದು ತಂಪು ಪಾನೀಯದ ಹೆಸರನ್ನು ಹಣೆಗೆ ಹಚ್ಚಿಕೊಂಡಿತ್ತು. ಸಕ್ಕರೆ ಮಾರುವವರಿಗೆ ಆಟದ ಮೈದಾನದ ಮೇಲೆ ಇಷ್ಟೊಂದು ಮಮತೆ ಯಾಕೆ ಬಂತು? ನೀವು ಕುಡಿದದ್ದು ತೊಂದರೆಯಲ್ಲ, ಕುಡಿದ ಮೇಲೆ ಓಡದಿದ್ದದ್ದು ತೊಂದರೆ ಎಂದು ನಂಬಿಸಿಬಿಟ್ಟರೆ ಅವರ ಬಾಟಲಿ ನಿರಪರಾಧಿ, ಅಪರಾಧಿ ನೀವು. 600 ಮಿಲಿಯ ಒಂದು ಕೋಲಾದಲ್ಲಿ 60 ಗ್ರಾಂ ಮೀರಿ ಸಕ್ಕರೆ, ಅಂದರೆ 250 ಕ್ಯಾಲೊರಿ. ಮೇಲಿನ ಲೆಕ್ಕದಲ್ಲಿ ಸುಮಾರು ಒಂದೂವರೆ ಗಂಟೆಯ ನಡಿಗೆ. ಕುಡಿಯಲು ಐದು ನಿಮಿಷ ಬೇಡ.

ವಿಚಿತ್ರವೆಂದರೆ ಆರೋಗ್ಯದ ಕಾವಲುಗಾರರೂ ಈ ಬಲೆಗೆ ತಾವಾಗಿಯೇ ಬೀಳುತ್ತಾರೆ. 2016ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಫಾರ್ ಪಬ್ಲಿಕ್ ಹೆಲ್ತ್, ಪೊಟ್ಟಣಗಳ ಮೇಲೆ "ಇದನ್ನು ಸುಡಲು ಇಷ್ಟು ನಿಮಿಷ ಓಡಬೇಕು" ಎಂಬ ಚಿತ್ರ ಹಾಕಬೇಕೆಂದು ಒತ್ತಾಯಿಸಿತು. ಪುರವಣಿಯ ಬಾಕ್ಸಿಗೆ ಸರ್ಕಾರಿ ಮೊಹರು ಹಾಕುವ ಯೋಜನೆ! ಬಾಳೆಹಣ್ಣಿಗೂ ಬಿಸ್ಕತ್ತಿಗೂ ಒಂದೇ ಶಿಕ್ಷೆ ಬರೆದರೆ ಹದಿನಾಲ್ಕು ವರ್ಷದ ಹುಡುಗಿ ಅದರಿಂದ ಕಲಿಯುವುದೇನು? ಆಹಾರವೆಲ್ಲ ತೀರಿಸಬೇಕಾದ ಸಾಲ ಎಂದು. ರಾತ್ರಿ ಹನ್ನೊಂದಕ್ಕೆ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ನಡೆದು ಹೆಜ್ಜೆ ಪೂರೈಸುವ, ಪೂರೈಸದ ದಿನ ಊಟ ಬಿಡುವ ಹುಡುಗಿಯರು ಎಷ್ಟು ಮನೆಗಳಲ್ಲಿ ಇದ್ದಾರೆಂದು ತಾಯಂದಿರನ್ನು ಕೇಳಿ.

ಇನ್ನೊಂದು ಆರೋಪ ಇದೆ, ಅದನ್ನು ಹೊಟ್ಟೆ ತುಂಬಿದವರೆಲ್ಲ ಕೇಳಿಸಿಕೊಳ್ಳಬೇಕು. ಈ ಲೆಕ್ಕ ಸರಿಯಾಗಿದ್ದರೆ ಮೈಮುರಿದು ದುಡಿಯುವವರ್ಯಾರಿಗೂ ಹೊಟ್ಟೆ ಬರಬಾರದು, ಸಕ್ಕರೆ ಕಾಯಿಲೆ ಸುಳಿಯಬಾರದು. ನಸುಕಿಗೇ ಪೊರಕೆ ಹಿಡಿದು ರಸ್ತೆಗಿಳಿಯುವ ಪೌರಕಾರ್ಮಿಕ ಹೆಂಗಸರಲ್ಲಿ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಿಲ್ಲವೇ? ನಾಲ್ಕು ಮನೆಯ ನೆಲ ಒರೆಸಿ, ಪಾತ್ರೆ ತೊಳೆದು, ಬಸ್ಸಿಗೆ ನಿಂತು ಹೋಗುವಾಕೆಗೆ ಆಸ್ಪತ್ರೆಯಲ್ಲಿ "ವಾಕಿಂಗ್ ಮಾಡಮ್ಮ" ಅನ್ನುತ್ತಾರಲ್ಲ, ಅದಕ್ಕಿಂತ ಕ್ರೂರವಾದ ತಮಾಷೆ ಇದೆಯೇ? ಆಕೆಯ ಕಾಲಿಗೆ ಬಿಡುವಿಲ್ಲ, ತಟ್ಟೆಯಲ್ಲಿ ಆಯ್ಕೆಯಿಲ್ಲ. ಬೆಳಗ್ಗೆ ಸಕ್ಕರೆ ಸುರಿದ ಟೀ ಮತ್ತು ಬನ್ನು, ಮಧ್ಯಾಹ್ನ ಗುಡ್ಡೆ ಅನ್ನಕ್ಕೆ ತಿಳಿಸಾರು, ರಾತ್ರಿ ಮತ್ತೆ ಅದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಹೇಳಿದ ಪ್ರಕಾರ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಹತ್ತರಲ್ಲಿ ನಾಲ್ಕು ಮಂದಿಗೆ ಸೊಂಟದ ಸುತ್ತ ಬೊಜ್ಜಿದೆ. ಅದೇ ಸಮೀಕ್ಷೆಯ ಆಹಾರದ ಭಾಗ ತೋರಿಸುವಂತೆ ನಮ್ಮ ಕ್ಯಾಲೊರಿಯಲ್ಲಿ ಶೇ. 62ರಷ್ಟು ಬರುತ್ತಿರುವುದು ಅಕ್ಕಿ, ಗೋಧಿ, ಸಕ್ಕರೆಯಂಥ ಶರ್ಕರಪಿಷ್ಟ ಪದಾರ್ಥಗಳಿಂದ. ತೊಗರಿಬೇಳೆಯ ದರ ಏರಿದಾಗ ಸಾರು ತೆಳುವಾಗುತ್ತದೆ, ಅನ್ನದ ಗುಡ್ಡೆ ಎತ್ತರವಾಗುತ್ತದೆ. ಇದಕ್ಕೆ ಟ್ರೆಡ್‌ಮಿಲ್ಲಿನಲ್ಲಿ ಯಾವ ಗುಂಡಿ ಒತ್ತಬೇಕು?

ಇಷ್ಟೂ ಹೊತ್ತು ತೂಕದ ಮಾತೇ ಆಯಿತು. ತೂಕವೇ ಸರಿಯಾದ ಪ್ರಶ್ನೆಯೇ ಎಂಬುದು ನಮ್ಮ ದೇಶದ ಮಟ್ಟಿಗೆ ಬೇರೆ ವಿಚಾರ. ಪುಣೆಯ ವೈದ್ಯ ವಿಜ್ಞಾನಿ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ದಿ ಲ್ಯಾನ್ಸೆಟ್‌ನಲ್ಲಿ ತಮ್ಮಿಬ್ಬರ ಫೋಟೋ ಅಕ್ಕಪಕ್ಕ ಹಾಕಿ ಒಂದು ಪುಟ ಬರೆದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕವನ್ನು ಹೋಲಿಸುವ ಸೂಚ್ಯಂಕ, ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ಸಣಕಲಾಗಿ ಕಂಡೂ ಒಳಗೆ ಕೊಬ್ಬು ಹೊತ್ತ, ಸ್ನಾಯು ಕಡಿಮೆಯಿರುವ ಮೈ ನಮ್ಮದು. ಇಂಥ ಮೈಗೆ ಬೇಕಾದದ್ದು ಸ್ನಾಯು. ಸ್ನಾಯು ಬೆಳೆದು ಕೊಬ್ಬು ಕರಗಿದವರ ತಕ್ಕಡಿಯ ಮುಳ್ಳು ಅಲುಗದೇ ಇರಬಹುದು. ಆಗ ಕ್ಯಾಲೊರಿ ಲೆಕ್ಕದವನು "ಫೇಲ್" ಎಂದು ಬರೆದುಬಿಡುತ್ತಾನೆ.

ನನ್ನ ಸಿಟ್ಟಿನ ಮೂಲವೇ ಇದು. "ಮೂರು ತಿಂಗಳು ಕಟ್ಟಿದ್ದೆ ಅಕ್ಕಾ ಜಿಮ್ಮಿಗೆ, ಒಂದು ಕೆಜಿ ಇಳೀಲಿಲ್ಲ. ದುಡ್ಡು ದಂಡ ಅಂತ ಬಿಟ್ಟೆ." ಈ ಮಾತನ್ನು ಕೇಳದ ಬೀದಿಯಿಲ್ಲ. ಆ ಮೂರು ತಿಂಗಳಲ್ಲಿ ಅವಳಿಗೆ ಏನೇನು ಸಿಕ್ಕಿರಬಹುದೆಂದು ಯಾರಾದರೂ ಅಳೆದರೇ? ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೂ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಊಟವಾದ ಮೇಲೆ ಹದಿನೈದು ನಿಮಿಷ ಅಂಗಳದಲ್ಲಿ ಅಡ್ಡಾಡಿದರೂ ಸಕ್ಕರೆಯ ಏರಿಕೆ ತಗ್ಗುತ್ತದೆ. ರಕ್ತದೊತ್ತಡ ಇಳಿಯುತ್ತದೆ, ನಿದ್ದೆ ಹತ್ತುತ್ತದೆ, ಮೂಳೆ ಗಟ್ಟಿಯಾಗುತ್ತದೆ, ಮಂಕು ಕವಿದ ಮನಸ್ಸು ಕೊಂಚ ತಿಳಿಯಾಗುತ್ತದೆ. ಎಪ್ಪತ್ತರ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಬೀಳದಿರುವುದಕ್ಕೂ, ಯಾರ ಕೈಯೂ ಹಿಡಿಯದೆ ನೆಲದಿಂದ ಏಳುವುದಕ್ಕೂ ಇದೇ ಬಂಡವಾಳ. ಒಂದು ಗ್ರಾಂ ತೂಕ ಇಳಿಯದೆಯೂ ಇವೆಲ್ಲ ಸಿಗುತ್ತವೆ. ಇಷ್ಟು ದೊಡ್ಡ ಔಷಧಿಯನ್ನು ಅದು ಸರಿಯಾಗಿ ಮಾಡಲಾರದ ಒಂದೇ ಒಂದು ಕೆಲಸದ ಹೆಸರಲ್ಲಿ ಮಾರಿ, ಆ ಕೆಲಸ ಆಗಲಿಲ್ಲವೆಂದು ಜನ ಅದನ್ನು ಬಿಸಾಡುವ ಹಾಗೆ ಮಾಡಿದ್ದೀರಲ್ಲ, ಇದರ ಹೊಣೆ ಯಾರದು? ಬಿಟ್ಟವಳದ್ದೇ? ತಿಂಗಳ ಶುಲ್ಕ ಕಟ್ಟಿಸಿಕೊಳ್ಳುವಾಗ ಕೆಜಿಗಳ ಆಸೆ ತೋರಿಸಿದವರದ್ದಲ್ಲವೇ?

ತೂಕ ಇಳಿಸಲೇಬೇಕಾದವರು ಮೊದಲು ತಟ್ಟೆ ನೋಡಬೇಕು, ತಟ್ಟೆ ನೋಡಿದ ಮೇಲೆ ಅದನ್ನು ತುಂಬುವ ಮಾರುಕಟ್ಟೆಯನ್ನು ನೋಡಬೇಕು. ಅಲ್ಲಿ ಸರ್ಕಾರದ ನಡಿಗೆಯ ವೇಗ ಹೇಗಿದೆ? ಮೈ ಬಗ್ಗಿಸಿ ಎಂದು ಪ್ರಜೆಗಳಿಗೆ ಹೇಳುವ ಫಿಟ್ ಇಂಡಿಯಾ ಆಂದೋಲನ 2019ರ ಆಗಸ್ಟ್ 29ರಂದು ಅದ್ಧೂರಿಯಾಗಿ ಶುರುವಾಯಿತು. ಪೊಟ್ಟಣದ ಮುಂಭಾಗದಲ್ಲಿ ಸಕ್ಕರೆ, ಉಪ್ಪು, ಕೊಬ್ಬಿನ ಮಾಹಿತಿ ಹಾಕಿಸುವ ಕೆಲಸ? ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಒಂದು ಕರಡು ಹೊರಡಿಸಿತು, ಅದೂ ಎಚ್ಚರಿಕೆಯ ಚಿಹ್ನೆಯಲ್ಲ, ಹೋಟೆಲಿಗೆ ಕೊಡುವಂತೆ ನಕ್ಷತ್ರ! 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳ ಗಡುವು ಕೊಡಬೇಕಾಯಿತು. ಗಡುವು ಮುಗಿದಾಗ ಇನ್ನಷ್ಟು ಕಾಲಾವಕಾಶ ಕೇಳಿದರು. ಚಿಲಿ ದೇಶ 2016ರಲ್ಲೇ "ಸಕ್ಕರೆ ಹೆಚ್ಚು" ಎಂಬ ಕಪ್ಪು ಅಷ್ಟಕೋನವನ್ನು ಪೊಟ್ಟಣಗಳ ಎದೆಯ ಮೇಲೆ ಒತ್ತಿಸಿತ್ತು. ಪ್ರಜೆಗೆ ಬೆಳಗ್ಗೆ ಐದಕ್ಕೆ ಎದ್ದು ಓಡಲು ಆಜ್ಞೆ, ಕಂಪನಿಗೆ ವರ್ಷಗಟ್ಟಲೆ ವಿಶ್ರಾಂತಿ.

ಹಾಗಾಗಿ ಬೇಡಿಕೆಗಳನ್ನು ನೇರವಾಗಿಯೇ ಇಡುತ್ತೇನೆ. ಜಿಮ್ಮಿನವರು ಕೆಜಿಗಳ ಭರವಸೆಯ ಬೋರ್ಡು ಇಳಿಸಲಿ. ಸೇರುವಾಗ ಬಿಪಿ, ಸೊಂಟದ ಸುತ್ತಳತೆ, ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಸಲ ಏಳಬಲ್ಲಿರಿ ಎಂಬುದನ್ನು ಬರೆದುಕೊಂಡು ಮೂರು ತಿಂಗಳಿಗೆ ಮತ್ತೆ ಅಳೆಯಲಿ. ವೈದ್ಯರು ವ್ಯಾಯಾಮವನ್ನು ಔಷಧಿಯ ಹಾಗೆಯೇ ಬರೆಯಲಿ, ಊಟದ ಬಗ್ಗೆ ಬೇರೆಯೇ ಸಾಲು ಬರೆಯಲಿ. ಎರಡನ್ನೂ ಒಂದೇ ಲೆಕ್ಕಕ್ಕೆ ಕಟ್ಟಿ ಕೈತೊಳೆದುಕೊಳ್ಳುವುದು ಬೇಡ. ಶಾಲೆಯಲ್ಲಿ ಆಟದ ಪಿರಿಯಡ್ಡನ್ನು ಗಣಿತಕ್ಕೆ ಕಿತ್ತುಕೊಳ್ಳುವುದು ನಿಲ್ಲಲಿ. ಆಟವಾಡಿ ಬಂದ ಮಕ್ಕಳಿಗೆ "ಎಷ್ಟು ಬರ್ನ್ ಆಯ್ತು" ಎಂದು ಯಾರೂ ಕೇಳದಿರಲಿ. ರೇಷನ್ ಅಂಗಡಿಯಲ್ಲಿ ಅಕ್ಕಿ ಸಿಕ್ಕಷ್ಟೇ ಸಲೀಸಾಗಿ ಬೇಳೆ ಸಿಗಲಿ. ನಗರಪಾಲಿಕೆಗಳು ಪಾರ್ಕಿನಲ್ಲಿ ಓಪನ್ ಜಿಮ್ ಉದ್ಘಾಟಿಸಿ ಫೋಟೋ ತೆಗೆಸಿಕೊಳ್ಳುವ ಮೊದಲು, ಮುದುಕರು ಮನೆಯಿಂದ ಆ ಪಾರ್ಕಿಗೆ ಬೀಳದೆ ತಲುಪುವ ಫುಟ್‌ಪಾತ್ ಮಾಡಲಿ. ಪೊಟ್ಟಣಗಳ ಮುಂಭಾಗದಲ್ಲಿ ನಕ್ಷತ್ರದ ಶೃಂಗಾರವಿಲ್ಲದ ಕಪ್ಪು ಎಚ್ಚರಿಕೆ ಕನ್ನಡದಲ್ಲಿ ಬರಲಿ, ಈ ವರ್ಷವೇ ಬರಲಿ. ಅದು ಬರುವವರೆಗೆ ನಮ್ಮ ಊರುಗಳ ಮ್ಯಾರಥಾನ್ ನಡೆಸುವವರು ತಂಪು ಪಾನೀಯದ, ಚಿಪ್ಸಿನ ಕಂಪನಿಗಳಿಂದ ಒಂದು ರೂಪಾಯಿಯನ್ನೂ ಮುಟ್ಟಬಾರದು. ಮುಟ್ಟಿದವರ ಓಟಕ್ಕೆ ನಾವು ಹೆಸರು ನೋಂದಾಯಿಸಬಾರದು, ಅವರು ಕೊಡುವ ಟೀ-ಶರ್ಟು ತೊಡಬಾರದು.